ತಲೆ ಯಾವ ಕಡೆಗೆ ಆಡಿತು

ಮಸಿಯಲ್ಲ ಇದು, ಟಾರು, ಮುಟ್ಟಿದರೆ ಬೆರಳನ್ನೇ ಹಿಡಿದುಕೊಳ್ಳುತ್ತದೆ, ಎಂಚೊ ಕಾರಿನಿಂದ ಬಿಚ್ಚಿದ ವಾಲ್ವಿನ ಬಾಯೊಳಗೆ ಮರದ ಕಡ್ಡಿ ತೂರಿಸಿ ಕೆರೆದ, ಕರಿ ಚೂರೊಂದು ಕಳಚಿ ತವಾದೊಳಗಿನ ಸೀಮೆಎಣ್ಣೆಗೆ ಬಿತ್ತು, ಆ ಆಳದ ತವಾ ಹೆಂಡತಿ ಗಿನ್ಕಾಳದು, ಚೀಸಿನ ಪದರ ರೊಟ್ಟಿ ಬಾನಿತ್ಸಾ ಬೇಯಿಸುವುದು, ಹಳೆಯದಿರಬೇಕು ಅಂತ ತಾನೇ ಅಂದುಕೊಂಡು ಎತ್ತಿಕೊಂಡು ಬಂದದ್ದು, ಹಳೆಯದಲ್ಲ, ನೋಡಿದರೆ ಕೂಗಾಡುತ್ತಾಳೆ, ಕೂಗಾಡಲಿ, ಬೆಳಿಗ್ಗೆಯಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ, ಕೂಗಾಟವೂ ಮಾತೇ ತಾನೆ — ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆ ಉಜ್ಜಿದ, ಎಂಜಿನ್ ಬಿಟ್ಟ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಕುಡಿಸುವ ವಾಲ್ವು, ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ತಾನು ಬಿಟ್ಟ ಉಸಿರನ್ನೇ ಕುಡಿಯುತ್ತ ಕೂತರೆ ಯಾರ ಗಂಟಲು ಕಟ್ಟುವುದಿಲ್ಲ, ಅದಕ್ಕೇ ಏರು ಬಂದರೆ ಸಾಕು ಕಾರು ಕೆಮ್ಮುತ್ತಿತ್ತು, ಹಿಂದೆ ಬಂದವರು ಹಾರ್ನ್ ಹೊಡೆದು ಬೈಯುತ್ತಿದ್ದರು. ಬೇಲಿಯಾಚೆಯಿಂದ ಪಕ್ಕದ ಮನೆಯ ಡೊಬ್ರಿಯ ತಲೆ, ಏನಯ್ಯಾ ಎಂಚೊ, ಇಷ್ಟು ವರ್ಷ ಜರ್ಮನಿಯಲ್ಲಿ ಲಾರಿ ಓಡಿಸಿದವನು, ಮೆಕ್ಯಾನಿಕ್ಕಿಗೆ ಕೊಡೋಕೆ ಕೈ ಬರಲ್ವಾ, ಗಾಬ್ರೊವೊದ ಹೆಣ್ಣು ಕಟ್ಟಿಕೊಂಡೆಯಲ್ಲ, ಆ ಊರವರ ಜಿಪುಣತನ ನಿನಗೂ ಅಂಟಿತು ಬಿಡು, ನಕ್ಕು ಹೋದ, ಅವನಿಗೇನು, ಅವನ ಹೆಂಡತಿ ಅವನ ಜೊತೆ ಮಾತಾಡುತ್ತಾಳೆ. ಗಿನ್ಕಾ ಬೆಳಿಗ್ಗೆ ಕಾಫಿ ಲೋಟ ಸಿಂಕಿಗೆ ಹಾಕಿ, ಗೋಡೆ ಕಡೆ ತಿರುಗಿ ಹೇಳಿದ್ದು ಒಂದೇ, ಕಾರು ಸರಿ ಮಾಡು, ಅಕ್ಕನ ಮನೆಗೆ ಹೋಗ್ಬೇಕು. ಮಾಡುತ್ತಿದ್ದೇನಲ್ಲ. ಗಾಬ್ರೊವೊ ದಾರಿಯೆಲ್ಲ ಏರು, ನಡುವೆ ನಿಂತುಬಿಟ್ಟರೆ ಒಬ್ಬಳೇ ಏನು ಮಾಡುತ್ತಾಳೆ, ಅಂತಲೇ ಅಲ್ಲವೆ ಹೀಗೆ ಮೊಣಕೈವರೆಗೆ ಕರಿ ಮಾಡಿಕೊಂಡು ಕೂತದ್ದು.

ಈಗ ವಾಲ್ವಿನ ಒಳಗೆಲ್ಲ ಲೋಹ ಕಾಣುತ್ತಿದೆ, ಬಟ್ಟೆಯಲ್ಲಿ ಒರೆಸಿ, ಚಿಕ್ಕ ರಬ್ಬರ್ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿ ಬಾಯಲ್ಲಿಟ್ಟು ಗಾಳಿ ಹೀರಿದ, ಟಕ್ ಅಂತ ಒಳಗಿನ ಮುಚ್ಚಳ ಎದ್ದಿತು, ನಾಲಗೆಯಿಂದ ಕೊಳವೆ ಮುಚ್ಚಿ ಹಿಡಿದ, ಮುಚ್ಚಳ ಕೂರಬಾರದು, ಕೂತರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಕೂರಲಿಲ್ಲ, ಸಂತೋಷವಾಯಿತು, ಅಷ್ಟರಲ್ಲಿ ಗಿನ್ಕಾ ಮೆಟ್ಟಿಲಿಳಿದು ಬಂದಳು, ಕೈಯಲ್ಲಿ ಬ್ಯಾಗು, ಚಿಕ್ಕದಲ್ಲ, ಮದುವೆಯಲ್ಲಿ ತಂದ ದೊಡ್ಡದು, ಅಕ್ಕನನ್ನು ನೋಡಿ ಬರೋಕೆ ಇಷ್ಟು ದೊಡ್ಡ ಬ್ಯಾಗ್ ಯಾಕೆ — ಆಯ್ತಾ? ಬಾಯಲ್ಲಿ ಕೊಳವೆ, ಅವನು ತಲೆ ಅಡ್ಡಡ್ಡ ಆಡಿಸಿದ, ಆಯಿತು ಅಂತ, ಈ ಊರಲ್ಲಿ ಹುಟ್ಟಿದ ಮಗುವೂ ಹೌದು ಅನ್ನೋಕೆ ಹಾಗೇ ಆಡಿಸುತ್ತದೆ. ಅವಳು ನಿಂತು ನೋಡಿದಳು. ಇದು ನಮ್ಮೂರಿನ ತಲೆಯಾ, ಜರ್ಮನಿಯ ತಲೆಯಾ? ಉತ್ತರಕ್ಕೆ ಕಾಯಲಿಲ್ಲ, ಬ್ಯಾಗನ್ನು ಹಿಂದಿನ ಸೀಟಿಗೆ ಎಸೆದು, ಸ್ಟಿಯರಿಂಗ್ ಮುಂದೆ ಕೂತು ಧಡಾರನೆ ಬಾಗಿಲೆಳೆದುಕೊಂಡಳು.

ಎಂಚೊ ಎಂಜಿನ್ನಿನ ಮೇಲೆ ಬಗ್ಗಿದ, ಚೂರು ಒಳಗೆ ಬೀಳದಿರಲಿ ಅಂತ ತೂತಿಗೆ ತುರುಕಿದ್ದ ಚಿಂದಿ ಎಳೆದು ತೆಗೆದ, ಮರೆತಿದ್ದರೆ ಎಂಜಿನ್ ಅದನ್ನೇ ನುಂಗುತ್ತಿತ್ತು, ಹೊಸ ವಾಷರ್ ಇಟ್ಟು ವಾಲ್ವು ಕೂರಿಸಿ ಒಂದು ಬೋಲ್ಟು ತಿರುಗಿಸಿದ, ಜರ್ಮನಿಯ ತಲೆ ಅಂದಳಲ್ಲ, ತಮಾಷೆಗೆ ಅಂದದ್ದಲ್ಲ. ಮೊದಮೊದಲು ಅಲ್ಲಿ ಗೋದಾಮಿನವನು ಲಾರಿ ತುಂಬಿತಾ ಅಂದಾಗ ತಲೆ ಅಡ್ಡ ಆಡಿಸಿದ್ದ, ತುಂಬಿತು ಅಂತ, ಅವನು ತುಂಬಿಲ್ಲ ಅಂದುಕೊಂಡು ಮತ್ತಷ್ಟು ಹೇರಿಸಿದ್ದ, ಆಮೇಲೆ ಕಲಿತ, ಹೌದು ಅಂದರೆ ಮೇಲೆ ಕೆಳಗೆ, ಇಲ್ಲ ಅಂದರೆ ಅಡ್ಡಡ್ಡ, ರಜೆಗೆ ಊರಿಗೆ ಬಂದರೆ ಎಲ್ಲ ತಲೆಕೆಳಗು, ಸೂಪು ಬೇಕಾ ಅಂದರೆ ಹೂಂ ಅಂತ ಮೇಲೆ ಕೆಳಗೆ ಆಡಿಸುವುದು, ಗಿನ್ಕಾ ಬೇಡವೇನೋ ಅಂತ ಪಾತ್ರೆ ಎತ್ತಿಕೊಂಡು ಹೋಗುವುದು, ಆಗ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಅವಳ ತಲೆಗೆ ಆ ತಾಪತ್ರಯ ಇಲ್ಲ, ಈ ಊರು ಬಿಟ್ಟು ಅವಳು ಗಾಬ್ರೊವೊ ಆಚೆಗೆ ಹೋದವಳಲ್ಲ — ಎರಡನೇ ಬೋಲ್ಟು ಅರ್ಧಕ್ಕೆ ನಿಂತಿತು. ಬೆಳಿಗ್ಗೆ. ಬಾಯ್ತುಂಬ ಬಾನಿತ್ಸಾ, ಬಿಸಿ ಚೀಸು ಅಂಗುಳಿಗೆ ಅಂಟಿತ್ತು, ಅವಳು ಕೇಳಿದ್ದಳು, ಮತ್ತೆ ಹೋಗ್ತೀಯಾ? ತಾನು ತಲೆ ಆಡಿಸಿದ್ದ, ಮೇಲೆ, ಕೆಳಗೆ, ಊರಿನ ಹಾಗೆ, ಇಲ್ಲ ಅಂತ. ಅವಳು ಹೌದು ಅಂತ ಓದಿಕೊಂಡಳು. ದೇವರೇ. ಲಾರಿಯ ಕೀಲಿ ವಾಪಸ್ ಕೊಟ್ಟು ಬಂದಿದ್ದೇನೆ, ಅಲ್ಲಿನ ದಿಂಬನ್ನೂ ಕಟ್ಟಿಕೊಂಡು ಬಂದಿದ್ದೇನೆ, ದಿಂಬು ನೋಡಿದರೆ ಗೊತ್ತಾಗಲ್ವಾ, ಗೊತ್ತಾಗಲ್ಲ, ದಿಂಬಿಗೆ ಬಾಯಿ ಇದೆಯಾ, ನನಗಾದರೂ ಇತ್ತಲ್ಲ, ಬಂದ ದಿನವೇ ಹೇಳಬಾರದಿತ್ತಾ, ಸಮಯ ನೋಡಿ ಹೇಳೋಣ ಅಂತ, ಯಾವ ಸಮಯ, ಈಗ ಅವಳು ಹೋಗುತ್ತಾಳೆ, ದೊಡ್ಡ ಬ್ಯಾಗು, ಹೋದರೆ ಬರುವುದಿಲ್ಲ, ಹೋಗುವ ಕಾರನ್ನು ನಾನೇ ಕೂತು ಸರಿ ಮಾಡಿಕೊಟ್ಟೆ, ಆದರೂ ಕೈ ಬೋಲ್ಟು ಬಿಗಿಮಾಡಿತು, ಕೈಗೆ ಅಷ್ಟೇ ಗೊತ್ತು, ಅವನು ಹಿಂದೆ ಸರಿದದ್ದೇ ಬಾನೆಟ್ಟು ತಾನಾಗಿ ಬಿತ್ತು, ಆ ಸದ್ದನ್ನೇ ಸನ್ನೆ ಅಂದುಕೊಂಡು ಗಿನ್ಕಾ ಕೀಲಿ ತಿರುಗಿಸಿದಳು.

ಎಂಜಿನ್ ಒಂದೇ ಏಟಿಗೆ ಎದ್ದಿತು, ಕೆಮ್ಮಿಲ್ಲ, ಕರಿ ಹೊಗೆ ಇಲ್ಲ, ಇಷ್ಟು ಚೆನ್ನಾಗಿ ಯಾಕೆ ಎದ್ದಿತು ಹಾಳಾದ್ದು, ಗಿನ್ಕಾ, ನಾನು ಹೋಗಲ್ಲ, ಅವನು ಕಾರಿನ ಮುಂದೆ ನಿಂತು ಕೂಗಿದ, ಡೀಸೆಲ್ ಸದ್ದಿನಲ್ಲಿ ಅವನಿಗೇ ಕೇಳಿಸಲಿಲ್ಲ, ಗಾಜಿನಾಚೆ ಅವಳ ತುಟಿ ಆಡಿತು, ಹೊರಡ್ಲಾ, ಬೇಡ ಅನ್ನಬೇಕು, ತಲೆ ಯಾವ ಕಡೆಗೆ ಆಡಬೇಕು, ಮೇಲೆ ಕೆಳಗಾ, ಅಡ್ಡವಾ, ಅವಳು ಯಾವ ತಲೆ ಅಂತ ಓದುತ್ತಾಳೆ, ಎರಡು ಕಡೆಗೂ ಎಳೆದ ಹಾಗಾಗಿ ಎಂಚೊ ಆ ಕರಿ ಕೈಗಳಿಂದ ತನ್ನ ತಲೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡು ನಿಂತ, ಆಡದ ಹಾಗೆ. ಎಂಜಿನ್ ನಿಂತಿತು. ಕಿಟಕಿ ಇಳಿಯಿತು. ಬಾಯಲ್ಲಿ ಹೇಳು ಮಾರಾಯ. ಹೋಗಲ್ಲ. ಎಲ್ಲಿಗೆ? ಜರ್ಮನಿಗೆ, ಇನ್ನು ಹೋಗಲ್ಲ, ಬೆಳಿಗ್ಗೆ ಹೇಳಿದ್ದೂ ಅದೇ, ನಮ್ಮೂರಿನ ತಲೆಯಲ್ಲಿ ಹೇಳಿದ್ದೆ. ಅವಳು ಅವನ ಕೆನ್ನೆಯ ಮೇಲಿನ ಮಸಿಯ ಬೆರಳ ಗುರುತುಗಳನ್ನು ನೋಡಿದಳು, ಅಂಗಳದ ಕಲ್ಲಿನ ಮೇಲಿದ್ದ ತವಾ ನೋಡಿದಳು, ಅವನಿಗೆ ತಡೆಯಲಾಗಲಿಲ್ಲ, ನೀನು ಹೋಗ್ತೀಯಾ ಗಿನ್ಕಾ, ಕೇಳಿಬಿಟ್ಟ, ಅವಳ ತಲೆ ಆಡಿತು, ಅವಳಮ್ಮ ಆಡಿಸುತ್ತಿದ್ದ ಹಾಗೆ, ಊರು ಬಿಡದ ತಲೆ, ಮೇಲೆ, ಕೆಳಗೆ.