ದೊಡ್ಡಮಾದಮ್ಮನ ಜಗಲಿಗೆ ಬಂದ ಗೆರೆಗಳು

ಆ ನಕ್ಷೆಯನ್ನು ಮೊದಲ ಸಲ ನೋಡಿದವರೆಲ್ಲ ಆಹಾ ಅಂದರು. ಬರೆದ ದೀಪಳೂ ಅಂದಿದ್ದಳು. ಈಗ ಅದನ್ನು ನೆನೆದರೆ ಅವಳ ಬಾಯಲ್ಲಿ ಕಹಿನೀರು ಊರುತ್ತದೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಗಣೇಶನ ನಕ್ಷೆ ಆಫೀಸು. ದೀಪ ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಮಾಡುವವಳು. ಮಗ್ಗದ ಮನೆಯ ಮಗಳು. ಅವರ ಮನೆಗೆ ರೇಷ್ಮೆ ಬರುವುದು ತೊಳೆದು, ಬಣ್ಣ ಹಾಕಿ, ಉಂಡೆ ಸುತ್ತಿದ ಮೇಲೆ. ಹುಳುವನ್ನು ಅವಳು ಶಾಲೆಯ ಪುಸ್ತಕದಲ್ಲಿ ಕಂಡದ್ದೇ ಹೆಚ್ಚು. ನೂಲು ಬಿಚ್ಚುವ ಕಾರ್ಖಾನೆಯ ಬೀದಿಯಲ್ಲಿ ಬೆಂದ ಹುಳುವಿನ ನಾತಕ್ಕೆ ಮೂಗು ಮುಚ್ಚಿಕೊಂಡು ಓಡುತ್ತಿದ್ದ ಹುಡುಗಿ. ಅಂಥವಳ ಪಾಲಿಗೇ ಹುಳುವಿನ ರೋಗದ ನಕ್ಷೆ ಬಂತು.

ಆ ಮಳೆಗಾಲ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನಲ್ಲಿ ಹಾಲುರೋಗ ಎದ್ದಿತ್ತು. ಇನ್ನೇನು ಗೂಡು ಕಟ್ಟಬೇಕು ಅನ್ನುವ ಹೊತ್ತಿಗೆ ಹುಳು ಉಬ್ಬಿ, ತೊಗಲು ಬಿರಿದು, ಬಿಳಿ ಕೀವು ಸುರಿಸಿ ಸಾಯುತ್ತಿತ್ತು. ರೋಗ ಎಲ್ಲಿಂದ ಬಂತು ಎಂದು ತಿಳಿಯಬೇಕೆಂದು ಗೂಡು ಬೆಳೆಗಾರರ ಒಕ್ಕೂಟದವರು ಗಣೇಶನಿಗೆ ಕೆಲಸ ಕೊಟ್ಟರು. ಸರ್ವೆಯವರು ಫೋನು ಹಿಡಿದು ಊರೂರು ತಿರುಗಿ ಬಂದರು. ಹುಳು ಸಾಕುವ ಒಂದೊಂದು ಮನೆಗೆ ಒಂದೊಂದು ಚುಕ್ಕಿ. ಒಬ್ಬರಿಂದ ಇನ್ನೊಬ್ಬರಿಗೆ ಏನಾದರೂ ಹೋಗಿದ್ದರೆ, ಮರಿಹುಳುವೋ, ಹಿಪ್ಪುನೇರಳೆ ಸೊಪ್ಪೋ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೋ, ಆ ಎರಡು ಚುಕ್ಕಿಗಳ ನಡುವೆ ಒಂದು ಗೆರೆ. ಗೆರೆಗಳೆಲ್ಲ ಎಲ್ಲಿ ಹೋಗಿ ಕೂಡುತ್ತವೋ ಅದೇ ರೋಗದ ಮೂಲ, ಆ ಮನೆಗೆ ಇನ್ನೊಂದು ವರ್ಷ ಯಾರೂ ಹುಳು ಕೊಡಕೂಡದು ಎಂದು ಒಕ್ಕೂಟ ಮೊದಲೇ ಗೊತ್ತುಮಾಡಿತ್ತು.

ದೀಪ ಗುಂಡಿ ಒತ್ತಿದಳು. ಗೆರೆಗಳು ಬಿಳಿಗಿರಿ ಬೆಟ್ಟದ ತಪ್ಪಲಿನಿಂದ, ಹನೂರಿನ ಆಚೆಯಿಂದ, ಹೊಳೆ ಕಡೆಯ ಊರುಗಳಿಂದ ಹೊರಟು, ಯಳಂದೂರಿನ ಪಕ್ಕದ ಒಂದು ಸಣ್ಣ ಊರಿನ ಒಂದೇ ಮನೆಯ ಮೇಲೆ ಬಂದು ಬಿದ್ದವು. ಚುಕ್ಕಿಯನ್ನು ಮುಟ್ಟಿದರೆ ಹೆಸರು ಬಂತು: ದೊಡ್ಡಮಾದಮ್ಮ.

‘ನೋಡಮ್ಮ, ಎಂಥಾ ಚೆಂದಾಗಿ ಸಿಕ್ಕಾಕ್ಕೊಂಡವ್ಳೆ!’ ಎಂದು ಗಣೇಶ ತೊಡೆ ತಟ್ಟಿಕೊಂಡ. ‘ನಾಳೆ ಓಗಿ ಆ ಮನೆದೊಂದು ಫೋಟೋ ತಕಂಡು ಬಂದ್ಬುಡು. ಒಕ್ಕೂಟದೋರು ನೋಡಿ ಬೆಚ್ಚಿಬೀಳ್ಬೇಕು.’

ದೀಪ ಮಾರನೆಯ ದಿನ ಬಸ್ಸು ಹತ್ತಿ ಹೋದಳು. ಊರ ಬಾಗಿಲಲ್ಲೇ ನಾತ ಎದುರಾಯಿತು. ಹುಳಿಬಂದ ಹಾಲಿಗೆ ಸತ್ತ ಇಲಿ ಬಿದ್ದರೆ ಹೇಗಿರಬೇಕೋ ಹಾಗೆ. ಅವಳು ದುಪಟ್ಟ ಮೂಗಿಗೆ ಹಿಡಿದು ವಿಳಾಸ ಕೇಳಿದಳು. ದೊಡ್ಡಮಾದಮ್ಮನ ಮನೆಗೆ ಅಗಲವಾದ ಜಗಲಿ, ಜಗಲಿಗೆ ಹೊಂಗೆಯ ನೆರಳು. ಒಳಗಿನಿಂದ ಬಂದವಳು ಅರವತ್ತು ದಾಟಿದ, ದಪ್ಪ ಮೈಯ, ಜೋರು ಬಾಯಿಯ ಹೆಂಗಸು. ಹುಳುವಿನ ಮೇಲೇ ಮೂರು ಹೆಣ್ಣುಮಕ್ಕಳನ್ನು ಸಾಕಿ ಮದುವೆ ಮಾಡಿದವಳು.

‘ಕಾಲ್ ತೊಳ್ಕಂಡು ಬಾರವ್ವ. ಉಳದ್ ಮನೆ. ಬದ್ಕಿದ್ರೂ ಸೈ, ಸತ್ರೂ ಸೈ, ಕಾಲ್ ತೊಳ್ಕಂಡೇ ಬರ್ಬೇಕು.’

ದೀಪ ಕಾಲು ತೊಳೆದು, ಹೊಸ್ತಿಲಲ್ಲಿ ಎರಚಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋದಳು. ಹೋಗಬಾರದಿತ್ತು. ತಟ್ಟೆತಟ್ಟೆಯಲ್ಲೂ ಹಳದಿಗಟ್ಟಿದ ಹುಳು, ಒಂದರ ಕೀವಿನ ಮೇಲೆ ಇನ್ನೊಂದು ತೆವಳುತ್ತಿತ್ತು. ತೆವಳಿದಲ್ಲೆಲ್ಲ ಬಿಳಿ ಲೋಳೆ. ಕೆಲವು ತಲೆ ಕೆಳಗಾಗಿ ನೇತು, ಬಾಯಿಂದ ಹನಿ ಬೀಳಿಸುತ್ತಿದ್ದವು. ದೊಡ್ಡಮಾದಮ್ಮ ಬರಿಗೈಯಲ್ಲಿ ಅವನ್ನು ಬಾಚಿ ಬಕೆಟ್ಟಿಗೆ ಹಾಕುತ್ತ, ಕೈಯನ್ನು ಸೀರೆಗೆ ಒರೆಸುತ್ತ, ಅದೇ ಕೈಯಲ್ಲಿ ಮಜ್ಜಿಗೆ ಲೋಟ ತಂದುಕೊಟ್ಟಳು. ದೀಪ ಹಿತ್ತಲಿಗೆ ಓಡಿ ವಾಂತಿ ಮಾಡಿದಳು.

ಬೆನ್ನು ನೀವುತ್ತ ಆ ಹೆಂಗಸು ನಕ್ಕಳು. ‘ಪಾಪ, ಪೇಟೆ ಮಗಾ. ಮೊನ್ನೆ ಫೋನ್ ತಕಂಡು ಬಂದಿದ್ದೋರು ನಿಂಗಿಂತ ಗಟ್ಟಿ ಕಣವ್ವ. ಜಗಲಿ ಬುಟ್ಟು ಏಳ್ನೇ ಇಲ್ಲ. ಇಲ್ಲೇ ನೆರಳು, ಇಲ್ಲೇ ಸಿಗ್ನಲ್ಲು, ಇಲ್ಲೇ ಮಜ್ಜಿಗೆ. ಸುತ್ತೂರೋರ್ನೆಲ್ಲ ಇಲ್ಲಿಗೇ ಕರ್ಸ್ಕಂಡು ಬರ್ಕಂಡ್ರು. ನಮ್ ಜಗಲೀಲಿ ಜಾತ್ರೆ ಕಣವ್ವ ಅವತ್ತು!’

ವಾಂತಿ ಮಾಡಿದ ಬಾಯಿ ಒರೆಸಿಕೊಳ್ಳುತ್ತಿದ್ದ ದೀಪಳ ಕೈ ಅಲ್ಲೇ ನಿಂತಿತು. ಸರ್ವೆಯ ಫೋನು ಮನೆಯ ಜಾಗ ಬರೆದುಕೊಳ್ಳುವುದಿಲ್ಲ, ಗುಂಡಿ ಒತ್ತಿದ ಜಾಗ ಬರೆದುಕೊಳ್ಳುತ್ತದೆ. ಸುತ್ತಲಿನ ಊರುಗಳ ಮನೆಗಳೆಲ್ಲ ಈ ಜಗಲಿಯ ಮೇಲೆ ಒಂದರ ತಲೆಯ ಮೇಲೊಂದು ಕೂತಿವೆ. ಎಲ್ಲಕ್ಕಿಂತ ಮೇಲೆ ಮಜ್ಜಿಗೆ ಕೊಟ್ಟವಳ ಹೆಸರು.

‘ಮರಿಹುಳು ಎಲ್ಲಿಂದ ತಂದ್ರಿ ಅಜ್ಜಿ?’

‘ಇನ್ನೆಲ್ಲಿಂದ? ಹನೂರ್ ರಸ್ತೆ ವೃಷಭೇಂದ್ರಪ್ಪೋರ ಚಾಕಿ ಕೇಂದ್ರದಿಂದ. ಮೊಟ್ಟೆ ಒಡ್ದು ಎರಡು ಜ್ವರ ಆಗಿ ಎರಡ್ ಸಲ ಪೊರೆ ಬುಡೋಗಂಟ ಅವ್ರೇ ಸಾಕಿ ಕೊಡದು. ಎಲ್ರೂ ಅಲ್ಲಿಂದ್ಲೇ ತರದು.’

ಎಲ್ಲರೂ ಅಲ್ಲಿಂದಲೇ. ಹಾಗಾದರೆ ಆ ಗೆರೆಗಳೆಲ್ಲಿ? ಆಫೀಸಿಗೆ ಬಂದವಳೇ ದೀಪ ನಕ್ಷೆಯ ಹಿಂದಿನ ಪಟ್ಟಿಯನ್ನು ತೆರೆದಳು. ಚಾಕಿ ಕೇಂದ್ರ ಅಲ್ಲೇ ಇತ್ತು. ಮೂರು ತಾಲ್ಲೂಕಿನ ಮನೆಗಳೆಲ್ಲ ಅದಕ್ಕೆ ಕೂಡಿದ್ದವು. ಜಾಗ ಬರೆಯುವ ಚೌಕ ಮಾತ್ರ ಖಾಲಿ. ಜಾಗವಿಲ್ಲದ್ದಕ್ಕೆ ಚುಕ್ಕಿಯಿಲ್ಲ, ಚುಕ್ಕಿಯಿಲ್ಲದ್ದಕ್ಕೆ ಗೆರೆಯೂ ಇಲ್ಲ. ತಂತ್ರಾಂಶ ಅಂಥದ್ದನ್ನು ಕೂಗಿ ಹೇಳುವುದಿಲ್ಲ, ಸುಮ್ಮನೆ ಬಿಟ್ಟು ಉಳಿದದ್ದನ್ನು ಚೆಂದವಾಗಿ ತೋರಿಸುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಇಲ್ಲಿ ಎತ್ತನ್ನೇ ನಕ್ಷೆಯಿಂದ ಆಚೆ ಕಟ್ಟಿಹಾಕಿದ್ದರು.

‘ಸರ್, ಚಾಕಿ ಕೇಂದ್ರದ ಜಾಗ ಹಾಕೇ ಇಲ್ಲ.’

ಗಣೇಶ ಪರದೆಯತ್ತ ತಿರುಗಲೂ ಇಲ್ಲ. ‘ಗೊತ್ತು. ವೃಷಭೇಂದ್ರಪ್ಪೋರು ಅವರ ತೋಟದಲ್ಲಿ ನಮ್ಮೋರಿಗೆ ಕೋಳಿಸಾರು ಮಾಡಿಸಿ ಹಾಕಿ, ಜಾಗದ್ದು ಆಮೇಲೆ ಕೊಡ್ತೀನಿ ಅಂದ್ರಂತೆ. ಆಮೇಲೆ ಕೊಡ್ತಾರೆ ಬುಡು.’

‘ಆಮೇಲೆ ಅಂದ್ರೆ? ನಾಳೆ ಸಭೆ!’

‘ದೀಪ, ನಮ್ ಕೆಲ್ಸ ಇದ್ದದ್ದು ತೋರ್ಸದು. ಇಲ್ದಿದ್ದು ತೋರ್ಸದಲ್ಲ.’

ಎಂಥ ನುಣ್ಣನೆಯ ಮಾತು! ಅವನ ತುಟಿಯ ಅಂಚಿನಲ್ಲಿ ಬಜ್ಜಿಯ ಎಣ್ಣೆ ಮಿನುಗುತ್ತಿತ್ತು. ದೀಪಳಿಗೆ ಹುಳುವಿನ ತಟ್ಟೆಯೇ ಕಣ್ಣಿಗೆ ಬಂತು. ಆ ಹುಳುವಾದರೂ ತನಗೆ ಬಂದ ರೋಗ ಬಚ್ಚಿಡಲಾರದೆ ಸತ್ತದ್ದು. ಅವಳು ತನ್ನ ಕುರ್ಚಿಗೆ ಮರಳಿ ಕೂತಳು. ಊರಿನ ಹೆಸರು ಹಿಡಿದು, ಜಗಲಿಯ ಮೇಲೆ ಗುಡ್ಡೆಬಿದ್ದಿದ್ದ ಚುಕ್ಕಿಗಳನ್ನು ಒಂದೊಂದಾಗಿ ಅವರವರ ಊರಿಗೆ ಸರಿಸಿದಳು. ಹನೂರು ರಸ್ತೆಯ ತೋಟದ ಜಾಗವನ್ನು ಹುಡುಕಿ ಗುರುತಿಟ್ಟುಕೊಂಡಳು. ಅದನ್ನು ಮಾತ್ರ ನಕ್ಷೆಗೆ ಸೇರಿಸಲಿಲ್ಲ. ಸೇರಿಸಿದ್ದರೆ ಗಣೇಶ ಅಳಿಸುತ್ತಿದ್ದ, ಅಷ್ಟು ಅವಳಿಗೆ ಗೊತ್ತಿತ್ತು. ಹೊಸ ನಕ್ಷೆಯನ್ನು ಬೇರೆ ಹೆಸರಿನಲ್ಲಿ ಇಟ್ಟು ಮನೆಗೆ ಹೋದಳು.

ಸಭೆಗೆ ಒಕ್ಕೂಟದ ಅಧ್ಯಕ್ಷ ಮಲ್ಲಿಕಾರ್ಜುನಸ್ವಾಮಿ ಬಂದ. ಮುಂದಿನ ಸಾಲಿನಲ್ಲಿ ವೃಷಭೇಂದ್ರಪ್ಪ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ಬೆಳೆಗಾರರೆಲ್ಲ ಹಿಂದೆ. ದೊಡ್ಡಮಾದಮ್ಮನನ್ನು ಹೇಳಿಕಳಿಸಿ ಕರೆಸಿದ್ದರು. ಯಾಕೆಂದು ಹೇಳಿರಲಿಲ್ಲ. ಅವಳು ಪೆಟ್ಟಿಗೆಯ ಸೀರೆ ಉಟ್ಟು ಬಂದಿದ್ದಳು.

ಗಣೇಶ ಹಳೆಯ ನಕ್ಷೆಯನ್ನೇ ಗೋಡೆಯ ಮೇಲೆ ಬಿಟ್ಟ. ಗೆರೆಗಳು ಮಿರಿಮಿರಿ ಮಿಂಚುತ್ತ ಒಂದೇ ಮನೆಗೆ ಹರಿದವು.

‘ಇದು ಯಾರ ಮನೆ ಗೊತ್ತಾ ಅಮ್ಮ?’ ಮಲ್ಲಿಕಾರ್ಜುನಸ್ವಾಮಿ ಕೇಳಿದ.

‘ಅಯ್ಯೋ, ನಮ್ದೇ ಸಾ!’ ಅವಳ ಮುಖ ಅರಳಿತು. ಹಿಂದೆ ತಿರುಗಿ ನೋಡಿ, ‘ನೋಡ್ರಪ್ಪ, ಮೂರು ತಾಲ್ಲೂಕೂ ನಮ್ ಮನೆಗೇ ಬಂದದೆ! ಚಂದ್ರಿಕೆ ಕೇಳ್ಕಂಡು ಬಂದೋರ್ಗೆ ನಾ ಯಾವತ್ತೂ ಇಲ್ಲ ಅಂದೋಳಲ್ಲ. ಎಲ್ರಿಗೂ ಕೊಟ್ಟಿವ್ನಿ. ಮಜ್ಜಿಗೇನೂ ಕೊಟ್ಟಿವ್ನಿ,’ ಅಂದಳು.

ಯಾರೂ ನಗಲಿಲ್ಲ. ನಿನ್ನೆಯವರೆಗೆ ಅವಳ ಚಂದ್ರಿಕೆ ತಂದು ಗೂಡು ಕಟ್ಟಿಸಿದವರೇ ಕುರ್ಚಿಯನ್ನು ಅವಳಿಂದ ದೂರ ಎಳೆದುಕೊಂಡರು. ವೃಷಭೇಂದ್ರಪ್ಪ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ.

‘ಒಪ್ಕೊಂಡಂಗೆ ಆಯ್ತಲ್ಲ ಸ್ವಾಮಿ. ಕೊಳಕು ಚಂದ್ರಿಕೆ ಹಂಚಿ ಊರು ಹಾಳು ಮಾಡವ್ರೆ. ಇಂಥೋರ್ಗೆ ಹುಳ ಕೊಡೋದು ನಿಲ್ಸಿ.’

ಆಗ ದೊಡ್ಡಮಾದಮ್ಮನಿಗೆ ತಿಳಿಯಿತು. ‘ಉಳ ಇಲ್ದೆ ನಾನೇನ್ ಮಾಡ್ಲಿ ಸಾ? ಸೊಪ್ಪು ಕೈಗೆ ಬಂದದೆ,’ ಅಂದಳು. ಅಷ್ಟೇ.

ದೀಪ ಎದ್ದಳು. ಗಣೇಶನ ಕೈಯಿಂದ ಮೌಸ್ ಕಿತ್ತುಕೊಂಡಳು ಅಂದರೂ ಸರಿಯೇ. ತಾನು ಸರಿಮಾಡಿದ್ದ ನಕ್ಷೆಯನ್ನು ತೆರೆದಳು. ಜಗಲಿಯ ಮೇಲೆ ಕೂತಿದ್ದವರು ತಂತಮ್ಮ ಊರಿಗೆ ಹೋದರು, ದೊಡ್ಡಮಾದಮ್ಮನ ಮನೆಗೆ ಬಡಕಲು ನಾಲ್ಕು ಗೆರೆ ಉಳಿದವು. ಆಮೇಲೆ ಖಾಲಿ ಚೌಕದಲ್ಲಿ ಹನೂರು ರಸ್ತೆಯ ಜಾಗ ತುಂಬಿದಳು. ಆ ತೋಟದ ಮೇಲೊಂದು ಚುಕ್ಕಿ ಎದ್ದಿತು. ಅದರಿಂದ ಮೂರು ತಾಲ್ಲೂಕಿಗೂ ಗೆರೆಗಳು ಒಮ್ಮೆಗೇ ಚಿಮ್ಮಿ, ಗೋಡೆಯೇ ಕಾಣದಂತೆ ಮುಚ್ಚಿದವು.

‘ಇದು ರೋಗ ಹೋದ ದಾರಿ ಸರ್. ಕೇಂದ್ರದ ಜಾಗ ಬಿಟ್ಟಿದ್ರಿಂದ ಕಾಣ್ತಿರ್ಲಿಲ್ಲ.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಹೆಸರು ಹೇಳುವ ಮೊದಲೇ ವೃಷಭೇಂದ್ರಪ್ಪ ಎದ್ದು, ‘ನಮ್ ಕೇಂದ್ರದಲ್ಲಿ ದಿನಾ ಔಷಧಿ ಹೊಡೀತೀವಿ!’ ಎಂದು ಕೂಗಿದ. ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು. ಗೆದ್ದೆ ಅಂದುಕೊಂಡಳು ದೀಪ.

ಮಲ್ಲಿಕಾರ್ಜುನಸ್ವಾಮಿ ನಕ್ಷೆ ನೋಡಿದ, ವೃಷಭೇಂದ್ರಪ್ಪನನ್ನು ನೋಡಿದ, ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. ‘ಈ ಗೆರೆ ಎಲ್ಲಾ ಗೊಂದಲ ಕಣಮ್ಮ. ಜನ ಜಗಳಕ್ಕೆ ಬಿದ್ದಾರು. ಗೆರೆ ತೆಗ್ದು ಬರೀ ಚುಕ್ಕಿ ಇಟ್ಟು ಪ್ರಿಂಟ್ ಕೊಡಿ. ಮಳೆ, ಶೀತ, ಅದರಿಂದ ರೋಗ ಬಂತು ಅಂತ ಬರ್ದುಬುಡಣ. ದೊಡ್ಡಮಾದಮ್ಮಂದೂ ತಪ್ಪಿಲ್ಲ, ಯಾರ್ದೂ ತಪ್ಪಿಲ್ಲ. ಆಯ್ತಲ್ಲ?’

ಎಲ್ಲರೂ ಆಯ್ತು ಅಂದರು. ಅದೇ ದೀಪಳಿಗೆ ತಡೆಯಲಾಗದ್ದು. ಕೊಳೆತ ಹುಳುವನ್ನೆಲ್ಲ ಗುಂಡಿಗೆ ಹಾಕಿದವರೂ ತಲೆಯಾಡಿಸಿ ಆಯ್ತು ಅಂದರು. ಗಣೇಶ ಅವಳ ಕೈಯಿಂದ ಮೌಸ್ ತೆಗೆದುಕೊಂಡು ಒಂದು ಗುರುತು ಅಳಿಸಿದ. ಗೆರೆಗಳು ಹೋದವು. ಮೂರು ತಾಲ್ಲೂಕಿನ ಮೇಲೆ ಚುಕ್ಕಿ ಚುಕ್ಕಿ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ. ಎಂಜಲೆಲೆಯ ಮೇಲೆ ನೊಣ ಕೂತಂತೆ ಕಂಡಿತು ದೀಪಳಿಗೆ.

ಆದರೂ ಆ ಹೆಂಗಸು ಉಳಿದಳಲ್ಲ, ಅವಳಿಗೆ ಹುಳು ಸಿಗುತ್ತದಲ್ಲ ಎಂದು ದೀಪ ಸಮಾಧಾನ ಮಾಡಿಕೊಂಡಳು. ಮುಂದಿನ ವಾರ ಸಂಜೆ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿಗೆ ಇಳಿದಾಗ ಯಳಂದೂರು ಬಸ್ಸು ನಿಲ್ಲುವ ಕಡೆ ದೊಡ್ಡಮಾದಮ್ಮ ನಿಂತಿದ್ದಳು. ಎರಡೂ ಕೈಯಲ್ಲಿ, ಕಾಗದ ಮುಚ್ಚಿ ದಾರ ಕಟ್ಟಿದ ಅಗಲವಾದ ತಟ್ಟೆ.

‘ದೇವ್ರಂಗೆ ಸಿಕ್ಬುಟ್ಟೆ ಕಣವ್ವ! ನಿನ್ ಹೊಟ್ಟೆ ತಣ್ಣಗಿರ್ಲಿ. ನೀ ಅವತ್ತು ಗೆರೆ ಎಳ್ದು ತೋರ್ಸ್ದಲ್ಲ, ಅವತ್ತೇ ವೃಷಭೇಂದ್ರಪ್ಪೋರು ಮನೆಗಂಟ ಆಳು ಕಳ್ಸಿದ್ರು. ಈ ಬೆಳೆಗೆ ಪುಕ್ಸಟ್ಟೆ ಉಳ ಕೊಡ್ತೀನಿ, ರೋಗದ್ ಮಾತು ಎಲ್ಲೂ ಎತ್ಬ್ಯಾಡ ಅಂದ್ರು. ಆಗ್ಲಿ ಅಂತ ಅವ್ರ ಕಾಗ್ದಕ್ಕೆ ಎಬ್ಬೆಟ್ಟು ಒತ್ತಿ ತಕಂಡ್ ಬಂದೆ.’

ದೀಪ ಒಂದು ಹೆಜ್ಜೆ ಹಿಂದೆ ಸರಿದಳು. ‘ಅಜ್ಜಿ, ನಿಮ್ಮ ಹುಳ ಕೊಂದವರ ಹತ್ರನೇ ಮತ್ತೆ ತಂದ್ರಾ? ಅಸಹ್ಯ ಆಗಲ್ವಾ ನಿಮಗೆ?’

‘ಆಯ್ತದೆ. ಯಾಕಾಗಕಿಲ್ಲ?’ ಅವಳ ದನಿ ತಟ್ಟನೆ ಗಡುಸಾಯಿತು. ‘ಅವ್ರ ಮಖ ನೋಡ್ತಿದ್ದಂಗೆ ಉಗ್ಯಂಗಾಯ್ತು. ಆದ್ರೆ ತೋಟ್ದಲ್ಲಿ ಸೊಪ್ಪು ಬಲೀತಾ ಅದೆ. ಅದ್ನ ತಿನ್ನಕ್ಕೆ ಉಳ ಬೇಕಲ್ಲವ್ವ. ಇನ್ಯಾರ್ ಕೊಟ್ಟಾರು? ನಿನ್ ಗೆರೆ ಬಂದು ತಿಂದದಾ?’

ಬಸ್ಸು ಬಂತು. ಜನ ನುಗ್ಗಿದರು. ‘ವಸಿ ಇಡ್ಕೊ, ನಾ ಹತ್ಬುಡ್ತೀನಿ,’ ಎಂದು ಅವಳು ತಟ್ಟೆಯನ್ನು ದೀಪಳ ಕೈಗೆ ಇಟ್ಟೇಬಿಟ್ಟಳು. ಕಾಗದದ ಅಡಿಯಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣಗೆ ಕೇಳುತ್ತಿತ್ತು. ದೀಪ ಮುಖ ಬೇರೆ ಕಡೆ ತಿರುಗಿಸಿಕೊಂಡು, ತಟ್ಟೆ ಓರೆಯಾಗದಂತೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಿಟಕಿಯಿಂದ ಅವಳು ಕೈ ಚಾಚುವವರೆಗೂ ನಿಂತಿದ್ದಳು.