ಎರಡು ಪಟ್ಟಿಯಲ್ಲೂ ಇಲ್ಲದವನು

ಉದ್ದಣ್ಣ ಮ್ಯಾನ್‌ಹೋಲಿಗೆ ಇಳಿದು ಐದು ನಿಮಿಷವೂ ಆಗಿರಲಿಲ್ಲ. ಹಗ್ಗ ಹಿಡಿದಿದ್ದವನು ನಾನೇ. ಎರಡು ಸಲ ಎಳೆದರೆ ಮೇಲಕ್ಕೆತ್ತು ಅಂತ ನಮ್ಮ ನಮ್ಮಲ್ಲಿ ಒಪ್ಪಂದ. ಹಗ್ಗ ಒಂದು ಸಲ ಅಲುಗಿತು. ಆಮೇಲೆ ಸುಮ್ಮನಾಯಿತು.

"ಉದ್ದಣ್ಣಾ!" ಅಂತ ಕೂಗಿದೆ. ಮಾತಿಲ್ಲ. ಕೊಳೆತ ಮೊಟ್ಟೆಯಂಥ ವಾಸನೆ ಮುಖಕ್ಕೆ ಹೊಡೆಯಿತು. ನಾಲ್ಕು ಜನ ಸೇರಿ ಎಳೆದು ಹಾಕುವಷ್ಟರಲ್ಲಿ ಅವನ ತುಟಿ ನೀಲಿಯಾಗಿತ್ತು. ಮುಖಕ್ಕೆ ಕಟ್ಟಿಕೊಳ್ಳಲು ಪುರಸಭೆ ಕೊಟ್ಟಿದ್ದು ಒಂದು ತುಂಡು ಬಟ್ಟೆ. ಅದೂ ಕೊರಳಿಗೆ ಜಾರಿತ್ತು. ಬೆಳಿಗ್ಗೆ ಹತ್ತೂವರೆ ಗಂಟೆ. ಶಟರ್ ಎತ್ತುತ್ತಿದ್ದ ಅಂಗಡಿಯವರು ನಮ್ಮನ್ನು ನೋಡಿ ಮೂಗು ಮುಚ್ಚಿಕೊಂಡರು.

ಆರಡಿ ಮೂರಂಗುಲದ ಆಳು ಅವನು. ಮ್ಯಾನ್‌ಹೋಲಿನ ಬಾಯಲ್ಲಿ ಭುಜ ಸಿಕ್ಕಿಕೊಂಡಾಗಲೆಲ್ಲ, "ಈ ಊರು ಕಟ್ಟಿದವ್ರು ನನ್ನ ಅಳತೆ ತಗೊಂಡಿಲ್ಲ ಕಣೋ" ಅಂತ ನಗುತ್ತಿದ್ದ. ಊರಿನ ಹೊಲಸೆಲ್ಲ ಅವನ ಕೈಮೇಲೆ ಹಾದು ಹೋಗಿತ್ತು. ಊರು ಮಾತ್ರ ಅವನನ್ನು ತನ್ನವನು ಅಂದಿರಲಿಲ್ಲ.

ಅದಕ್ಕೆ ಕಾರಣ ಪುರಸಭೆಯ ಕಾನೂನು. ಅಜ್ಜನ ಅಜ್ಜನ ಕಾಲದ್ದು. ಊರಿಗೆ ಎರಡು ಪಟ್ಟಿ. ಬೆಟ್ಟದ ಪ್ರಾರ್ಥನಾ ಮನೆಗೆ ಹೋಗುವವರದು ಒಂದು, ಕೆರೆ ದಡದ ಪ್ರಾರ್ಥನಾ ಮನೆಗೆ ಹೋಗುವವರದು ಇನ್ನೊಂದು. ಹೆಸರು ಯಾವ ಪಟ್ಟಿಯಲ್ಲಿದೆಯೋ ಆ ಕಡೆಯವರಿಗೇ ಓಟು. ಯಾವ ಪಟ್ಟಿಯಲ್ಲಿ ಹೆಸರು ಜಾಸ್ತಿಯೋ ಅವರದೇ ಅಧ್ಯಕ್ಷಗಿರಿ. ನಲ್ಲಿ, ಬೀದಿ ದೀಪ, ಶಾಲೆಯ ಸೀಟು, ಎಲ್ಲಾ ಪಟ್ಟಿ ನೋಡಿಯೇ. ಸತ್ತಮೇಲೂ ಬಿಡುಗಡೆಯಿಲ್ಲ. ಸ್ಮಶಾನವೂ ಎರಡು, ನಡುವೆ ಕಲ್ಲಿನ ಗೋಡೆ.

ಉದ್ದಣ್ಣ ಬೆಟ್ಟದ ಕಡೆಯವನು. ಅವನ ಹೆಂಡತಿ, ನಾನು ಅತ್ತಿಗೆ ಅಂತ ಕರೆಯುವವಳು, ಕೆರೆ ಕಡೆಯವಳು. ಮದುವೆಯಾದ ವಾರವೇ ಇಬ್ಬರ ಹೆಸರನ್ನೂ, ಜೊತೆಗಿದ್ದ ಅವನ ತಾಯಿಯ ಹೆಸರನ್ನೂ ಹೊಡೆದುಹಾಕಿದರು. ಆಮೇಲೆ ಯಾರ ಕಾಲಿಗೂ ಬೀಳಲಿಲ್ಲ ಉದ್ದಣ್ಣ. ಹೆಣ್ಣುಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ಒಂದು ಅರ್ಜಿ ಬರೆಸಿದ. ಊರಿಗೆಲ್ಲ ಒಂದೇ ಪಟ್ಟಿ ಇರಲಿ, ಪುರಸಭೆಯ ಕಾಗದದಲ್ಲಿ ಧರ್ಮ ಕೇಳಬೇಡಿ, ಎಲ್ಲರಿಗೂ ಒಂದು ಸ್ಮಶಾನ ಮಾಡಿ. ಮನೆಮನೆ ಸುತ್ತಿ ಇನ್ನೂರು ಸಹಿ ಹಾಕಿಸಿ ಕೊಟ್ಟ. ನಾನು ಹಾಕಿರಲಿಲ್ಲ. ಮನೆಗೆ ನಲ್ಲಿ ಬಂದು ಆಗಿನ್ನೂ ತಿಂಗಳಾಗಿತ್ತು. ಆ ಅರ್ಜಿ 'ಪರಿಶೀಲನೆಯಲ್ಲಿದೆ' ಅನ್ನುವ ಮಾತಿನ ಕೆಳಗೆ ಹನ್ನೊಂದು ವರ್ಷ ಮಲಗಿತು.

ಮರುದಿನ ಆಸ್ಪತ್ರೆಯವರು ಹೆಣ ಕೊಟ್ಟರು. ಹೂಳಲು ಪರವಾನಗಿ ಬೇಕಲ್ಲ. ಪುರಸಭೆಯ ಅಂಗಳದಲ್ಲಿ ಹೆಣ ಇಳಿಸಿ ಗುಮಾಸ್ತರ ಕಿಟಕಿಗೆ ಹೋದೆವು.

"ಯಾವ ಪಟ್ಟಿ?"

"ಯಾವುದೂ ಇಲ್ಲ ಸಾರ್."

"ಹಾಗಿದ್ರೆ ಜಾಗವೂ ಇಲ್ಲ." ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ ಪಾಪ. "ನಾನೇನು ಮಾಡ್ಲಪ್ಪ? ನಮೂನೇಲಿ ಇರೋದನ್ನ ಕೇಳ್ತೀನಿ."

"ನಿಮ್ಮ ಕೆಲಸಕ್ಕೆ ಇಳಿದೇ ಸತ್ತಿದ್ದು ಸಾರ್ ಅವನು. ಇಳಿಸುವಾಗ ಯಾವ ಪಟ್ಟಿ ಅಂತ ಕೇಳಿದ್ರಾ?"

ಅವರು ಕನ್ನಡಕ ಹಾಕಿಕೊಂಡು ನಮೂನೆಯ ಕಡೆ ತಿರುಗಿದರು.

ಅಷ್ಟರಲ್ಲಿ ಅಧ್ಯಕ್ಷರು ಬಂದರು. ಬೆಟ್ಟದ ಕಡೆಯವರು. ಹಿಂದೆಯೇ ಕೆರೆ ಕಡೆಯ ಹಿರಿಯರೂ ಬಂದರು. ಚುನಾವಣೆಗೆ ಎರಡು ತಿಂಗಳಿತ್ತು. ಎರಡೂ ಪಟ್ಟಿ ಹೆಚ್ಚುಕಮ್ಮಿ ಸಮ ಅಂತ ಊರಿಗೇ ಗೊತ್ತಿತ್ತು. ಉದ್ದಣ್ಣನ ಮನೆಯಲ್ಲಿ ಉಳಿದಿದ್ದು ನಾಲ್ಕು ಹೆಸರು. ಅತ್ತಿಗೆ, ಅವನ ತಾಯಿ, ಇಬ್ಬರು ಬೆಳೆದ ಹೆಣ್ಣುಮಕ್ಕಳು. ಇಷ್ಟು ವರ್ಷ ಬೇಡವಾಗಿದ್ದ ಮನೆ ಈಗ ಇಬ್ಬರಿಗೂ ಬೇಕಾಯಿತು.

ಹೆಣದ ಪಕ್ಕ ಕೂತಿದ್ದ ಅತ್ತಿಗೆಗೆ ಅಧ್ಯಕ್ಷರು ಮೆತ್ತಗೆ ಹೇಳಿದರು: "ನೋಡಮ್ಮ, ಕೊನೆ ಗಳಿಗೇಲಿ ನಿನ್ನ ಗಂಡ ನಮ್ಮವನಾಗಿ ಸತ್ತ ಅಂತ ಬರೆದುಕೊಡು. ನೀವು ನಾಲ್ಕು ಜನವೂ ಸೇರಿಕೊಳ್ಳಿ. ಒಳ್ಳೆ ಜಾಗ ಕೊಡಿಸ್ತೀನಿ, ನೆರಳಿರೋದು."

"ನಮ್ಮ ಕಡೆ ಬಾ ತಾಯಿ," ಅಂದರು ಕೆರೆಯ ಹಿರಿಯರು. "ಎಷ್ಟಾದರೂ ನೀನು ನಮ್ಮ ಮನೆ ಮಗಳು."

ಬಿಸಿಲು ಏರುತ್ತಿತ್ತು. ನೊಣ ಮುತ್ತುತ್ತಿದ್ದವು. ನನಗೇ ತಡೆಯಲಾಗಲಿಲ್ಲ. ಕಿವಿಯಲ್ಲಿ ಹೇಳಿದೆ: "ಯಾವುದಾದ್ರೂ ಒಂದಕ್ಕೆ ಸಹಿ ಹಾಕಿಬಿಡು ಅತ್ತಿಗೆ. ಮೊದಲು ಮಣ್ಣಾಗಲಿ."

ಅತ್ತಿಗೆ ನನ್ನ ಕಡೆ ತಿರುಗಿದಳು.

"ಹಗ್ಗ ಹಿಡಿದಿದ್ದವನು ನೀನಲ್ವಾ ಮೈದುನ? ಕೊನೆ ಗಳಿಗೇಲಿ ನಿಮ್ಮಣ್ಣ ಏನಂದ್ರು?"

"ಏನೂ ಅನ್ನಲಿಲ್ಲ ಅತ್ತಿಗೆ."

"ಕೇಳಿಸ್ಕೊಂಡ್ರಾ?" ಅಂದಳು ಅವರಿಬ್ಬರಿಗೂ. "ಆಡದ ಮಾತನ್ನ ಸತ್ತವರ ಬಾಯಿಗೆ ತುರುಕಲಾರೆ."

"ಹಾಗಾದ್ರೆ ಹೆಣ ಇಟ್ಕೊಂಡು ಏನು ಮಾಡ್ತೀಯ?" ಅಧ್ಯಕ್ಷರ ಮೆತ್ತಗಿನ ಧ್ವನಿ ಹೋಗಿತ್ತು.

ಗುಂಡಿ ತೋಡುವವರಿಬ್ಬರೂ ಅಲ್ಲೇ ನಿಂತಿದ್ದರು. ಬೆಟ್ಟದ ಸ್ಮಶಾನದ ಬೋಳಣ್ಣ, ಕೆರೆ ಸ್ಮಶಾನದ ಬೀಡಿ ತಾತ. ಸಂಬಳ ಇಬ್ಬರಿಗೂ ಪುರಸಭೆಯದೇ. ಬೋಳಣ್ಣ ಗುಮಾಸ್ತರ ಕಿಟಕಿಗೆ ಮುಖ ಹಾಕಿ ಕೇಳಿದ:

"ಸಾರ್, ಈ ಕಡೆ ಜಾಗ ಅವ್ರದ್ದು, ಆ ಕಡೆ ಜಾಗ ಇವ್ರದ್ದು. ನಡುವಿನ ಗೋಡೆ ಯಾರದ್ದು?"

"ಪುರಸಭೇದು," ಅಂದರು ಗುಮಾಸ್ತರು. ಹೇಳಿದಮೇಲೆ ನಾಲಿಗೆ ಕಚ್ಚಿಕೊಂಡರು.

ಬೀಡಿ ತಾತ ಬೀಡಿ ಬಿಸಾಕಿ ಹಾರೆ ಹೆಗಲಿಗೇರಿಸಿದ. "ನಡೀರಿ" ಅಂದ.

ಗಾಡಿ ಕರೆಯಲಿಲ್ಲ, ಹೆಗಲ ಮೇಲೆ ಹೊತ್ತೆವು. ಚರಂಡಿಯವರು, ಕಸ ಗುಡಿಸುವ ಹೆಂಗಸರು, ಗುಂಡಿಯವರಿಬ್ಬರು. ಗೋಡೆ ಹಳೆಯದು, ಗಾರೆ ಪುಡಿಯಾಗಿತ್ತು. ಮೊದಲ ಕಲ್ಲು ಬೀಳಲು ಹೊತ್ತು ಹಿಡಿಯಿತು, ಮಿಕ್ಕವು ತಾವೇ ಬಂದವು. ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದರು. ಗೋಡೆ ಇದ್ದ ಜಾಗದಲ್ಲೇ ಬೋಳಣ್ಣ ಆ ತುದಿಯಿಂದ, ತಾತ ಈ ತುದಿಯಿಂದ ತೋಡಿದರು.

"ಇನ್ನೂ ಉದ್ದ ಬೇಕು," ಅಂದಳು ದೊಡ್ಡ ಮಗಳು. "ಅಪ್ಪ ಮುದುರಿಕೊಂಡು ಮಲಗೋದು ಬೇಡ."

ಇನ್ನೊಂದಡಿ ತೋಡಿದರು. ಪೊಲೀಸರನ್ನು ಕರೆದುಕೊಂಡು ಅಧ್ಯಕ್ಷರು ಬರುವಷ್ಟರಲ್ಲಿ ನಾವು ಕಾಲಲ್ಲಿ ಮಣ್ಣು ತುಳಿದು ಗಟ್ಟಿ ಮಾಡುತ್ತಿದ್ದೆವು. ಸಬ್ ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಆಮೇಲೆ ನಮ್ಮೆಲ್ಲರ ಹೆಸರು ಬರೆದುಕೊಂಡರು.

ಪುರಸಭೆಯ ಆಸ್ತಿ ಹಾಳು ಮಾಡಿದ್ದಕ್ಕೆ ಒಂಬತ್ತು ಜನ ಅಮಾನತು. ಅದರಲ್ಲಿ ನಾನೂ ಒಬ್ಬ. ಆ ವಾರದ ಸಭೆಯಲ್ಲಿ ಎರಡೂ ಪಟ್ಟಿಯ ಸದಸ್ಯರು ಒಟ್ಟಿಗೆ ಕೈಯೆತ್ತಿದರು. ನನಗೆ ತಿಳಿದಮಟ್ಟಿಗೆ ಅದು ಮೊದಲನೇ ಸಲ. ಏತಕ್ಕೆ ಗೊತ್ತೇ? ಗೋಡೆ ಮತ್ತೆ ಕಟ್ಟಬೇಕು, ಅದೂ ಇದ್ದಲ್ಲೇ. ಉದ್ದಣ್ಣನ ಎದೆಯ ಮೇಲೆ.

ಅವತ್ತು ನಾನು ನೆಟ್ಟಗೆ ಗುಮಾಸ್ತರ ಕಿಟಕಿಗೆ ಹೋದೆ.

"ಬೆಟ್ಟದ ಪಟ್ಟಿಯಿಂದ ನನ್ನ ಹೆಸರು ಹೊಡೀರಿ ಸಾರ್."

"ಹುಚ್ಚು ಹಿಡಿದಿದೆಯೇನೋ? ಕೆಲಸವೂ ಇಲ್ಲ. ನಲ್ಲಿಯೂ ಹೋಗುತ್ತೆ."

"ಹೋಗ್ಲಿ ಸಾರ್."

ಸಂಜೆಗೇ ನಲ್ಲಿ ಬಂದ್ ಮಾಡಿದರು. ಹೆಂಡತಿ ಮುಖ ಊದಿಸಿಕೊಂಡಳು. "ಯಜಮಾನ್ರು ಶೂರರಾಗಿಬಿಟ್ರು, ನೀರು ಹೊರೋಳು ನಾನು ತಾನೇ?" ಅಂದವಳು ಎರಡು ದಿನ ಮಾತೇ ಆಡಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಮೂರನೇ ದಿನ ಬೆಳಿಗ್ಗೆ ಖಾಲಿ ಕೊಡ ತಂದು ನನ್ನ ಕೈಗೇ ಇಟ್ಟಳು.

"ಇವತ್ತು ನೀರು ನೀನು ತಾ. ನನಗೆ ಪುರಸಭೇಲಿ ಕೆಲಸ ಇದೆ."

"ನಿನಗೇನೇ ಅಲ್ಲಿ ಕೆಲಸ?"

"ನಿನ್ನದೊಂದು ಹೊಡೆಸ್ಕೊಂಡು ಬಂದೆ. ನನ್ನ ಹೆಸರು ಯಾರು ಹೊಡೆಸ್ತಾರೆ?"

ಸೆರಗು ಸಿಕ್ಕಿಸಿಕೊಂಡು ಹೊರಟಳು. ಬೀದಿ ತಿರುವಿನಲ್ಲಿ ಆರೇಳು ಹೆಂಗಸರು ಅವಳಿಗಾಗಿ ಕಾಯುತ್ತಿದ್ದರು. ಅರ್ಧ ಜನ ಕೆರೆ ಕಡೆಯವರು.