ನೀಲವ್ವನ ನಂಬರು

ನಾನು ಹತ್ತು ಅಂಕಿಗಳ ಒಂದು ಮೊಬೈಲ್ ನಂಬರು. ಕೈಕಾಲಿಲ್ಲ, ಬಣ್ಣವಿಲ್ಲ. ಆದರೂ ಬ್ಯಾಡಗಿಯ ಅಂಗಡಿಯೊಂದರಲ್ಲಿ ನಾನು ಹುಟ್ಟಿದ ದಿನವೇ ಲಾರಿ ಡ್ರೈವರ್ ಫಕೀರಪ್ಪ ನನ್ನನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡ. ನನ್ನ ಒಡತಿ ಅವನ ಹೆಂಡತಿ ನೀಲವ್ವ. ಮೆಣಸಿನಕಾಯಿ ತೊಟ್ಟು ಬಿಡಿಸುವುದು ಅವಳ ಕೆಲಸ.

ಅದು ಟೂಜಿ ಕಾಲ. ಮಾತು ತುಟ್ಟಿ. ಲೋಡು ಇಳಿಸುವ ಊರು ತಲುಪಿದೊಡನೆ ಫಕೀರಪ್ಪ ಮಿಸ್ಡ್ ಕಾಲ್ ಕೊಡುತ್ತಿದ್ದ. ಖಾರದ ಕೈ ಒರೆಸಿಕೊಳ್ಳುವ ಗೋಜಿಗೂ ಹೋಗದೆ ನೀಲವ್ವ ಪಕ್ಕದವಳಿಗೆ, "ನಮ್ಮನಿಯವರು ಮುಟ್ಟಿದ್ರು ನೋಡ" ಎನ್ನುತ್ತಿದ್ದಳು. ಮಾತು ಹೊರಲೆಂದೇ ಹುಟ್ಟಿದ ನನಗೆ ಅದು ಉಪವಾಸವೇ ಸರಿ.

ಥ್ರೀಜಿ ಬಂತು. ಫೋನು ಬದಲಾಯಿತು, ನನ್ನನ್ನು ಹೊತ್ತ ಸಿಮ್ಮನ್ನು ಅಂಗಡಿಯವನು ಕತ್ತರಿಸಿ ಚಿಕ್ಕದು ಮಾಡಿದ. ಫೋರ್‌ಜಿಗೆ ಸಿಮ್ಮೇ ಬೇರೆ, ಇನ್ನೂ ಚಿಕ್ಕದು. ಮನೆ ಕಿರಿದಾದಷ್ಟೂ ನನ್ನ ಬಲ ಹೆಚ್ಚಿತು.

"ಈಗ ಮಾತು ಪುಕ್ಕಟೆ ಐತಿ. ಒಮ್ಮೆರ ಎತ್ತು" ಎಂದು ಮನೆಗೆ ಬಂದಾಗ ಫಕೀರಪ್ಪ ಗೋಗರೆದ.

"ರಿಂಗ್ ಆತಂದ್ರ ಮುಟ್ಟೀರಿ. ಮತ್ತೇನ್ ಮಾತು?"

ಅವನು ಹೇಳಿದ್ದೆಲ್ಲ ಬೋರ್ಗಲ್ಲ ಮೇಲೆ ನೀರೆರೆದಂತಾಯಿತು. ಎರಡು ರಿಂಗಿಗೇ ಕಟ್ ಮಾಡುವ ಹಳೇ ರೂಢಿಯೇ ಮುಂದುವರಿಯಿತು.

ಒಂದು ಮಧ್ಯಾಹ್ನ ನಾನು ಕೂಗಿದೆ. "ಮುಟ್ಟಿದ್ರು" ಎಂದಳು. ರಿಂಗು ಕೊನೆಯವರೆಗೂ ಹೊಡೆದುಕೊಂಡು ಮತ್ತೆ ಶುರುವಾಯಿತು. ಆ ತುದಿಯಲ್ಲಿ ಫಕೀರಪ್ಪ ಎದೆ ಹಿಡಿದುಕೊಂಡು ಸ್ಟಿಯರಿಂಗ್ ಮೇಲೆ ಒರಗಿದ್ದ. ಎತ್ತೇ ತಾಯಿ ಎನ್ನಲು ನನಗೆ ಬಾಯಿಲ್ಲ. ಕೂಗುವುದೊಂದೇ ಗೊತ್ತು, ಆ ಕೂಗೇ ಅವಳಿಗೆ ಕ್ಷೇಮಸಮಾಚಾರ. ಅಷ್ಟು ಸಂಕಟ ನಾನು ಎಂದೂ ಪಟ್ಟಿರಲಿಲ್ಲ.

ಮೂರನೆಯ ಸಲಕ್ಕೆ ಅವಳ ಕೈ ನಿಂತಿತು. "ಇವತ್ತ್ಯಾಕ ಕಟ್ ಮಾಡವಲ್ರು?" ಎಂದವಳೇ ಖಾರದ ಕೈಯಲ್ಲೇ ಫೋನೆತ್ತಿದಳು.

"ನೀಲಾ, ಎದಿ ಒತ್ತಾಕತ್ತೈತಿ. ಗಾಡಿ ಬದಿಗೆ ಹಚ್ಚೀನಿ. ಇಳ್ಯಾಕ ಆಗವಲ್ದು."

"ಹಾರ್ನ್ ಒತ್ತಿ ಹಿಡೀರಿ. ಯಾರರ ಬರ್ತಾರ. ನಾ ಫೋನ್ ಇಡೂದಿಲ್ಲ, ನೀವೂ ಇಡಬ್ಯಾಡ್ರಿ."

ಹಾರ್ನು ಕೂಗತೊಡಗಿತು. ಅವನ ಎಚ್ಚರ ತಪ್ಪದಿರಲೆಂದು ಅವಳು ಮಾತಾಡುತ್ತಲೇ ಹೋದಳು: ಮದುವೆಯಾದ ವರ್ಷದ ಜಗಳ, ಎಮ್ಮೆ ಈದದ್ದು, ಬಾಯಿಗೆ ಬಂದದ್ದೆಲ್ಲ. ಕೆನ್ನೆ, ಕಣ್ಣು ಖಾರಕ್ಕೆ ಉರಿಯುತ್ತಿದ್ದರೂ ಅವಳಿಗೆ ಪರಿವೆಯಿಲ್ಲ. ವರ್ಷಗಟ್ಟಲೆ ಆಡದೆ ಉಳಿದ ಮಾತನ್ನೆಲ್ಲ ಅಂದು ನಾನು ಹೊತ್ತೆ. ಕೊನೆಗೆ ಆ ಕಡೆ ಲಾರಿಯ ಬಾಗಿಲು ತೆರೆದ ಸದ್ದು, ಯಾರದೋ ದನಿ: "ಅಣ್ಣಾರ, ಏನಾತ್ರಿ?" ಅವರೇ ಅವನನ್ನು ಆಸ್ಪತ್ರೆಗೆ ಒಯ್ದರು.

ಫಕೀರಪ್ಪ ಉಳಿದ, ಲಾರಿ ಬಿಟ್ಟ. ಈಗ ಫೈವ್‌ಜಿ ಫೋನು. ನನಗೆ ಬಿಡಿ ಸಿಮ್ಮಿನ ಆಸರೆಯೂ ಬೇಡ, ಇ-ಸಿಮ್ಮಾಗಿ ಫೋನಿನ ಹೊಟ್ಟೆಯಲ್ಲೇ ಇದ್ದೇನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಲೋಕದ ಯಾವ ಮೂಲೆಗಾದರೂ ಹೋಗಬಲ್ಲೆ, ಆದರೆ ಈ ಮನೆಯಲ್ಲಿ ನನಗೆ ಕೆಲಸವೇ ಇಲ್ಲ. ಅವನು ಅವಳ ಪಕ್ಕದಲ್ಲೇ ಕೂತು ತೊಟ್ಟು ಬಿಡಿಸುತ್ತಾನೆ. ಇಬ್ಬರೂ ದಿನವಿಡೀ ಮಾತಾಡುತ್ತಾರೆ. ನಾನು ಕಿಟಕಿಯಲ್ಲಿ ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತೇನೆ.